ಮೂವತ್ತೈದಕ್ಕೆ ಮೂವತ್ತೈದು

ದಾರದಕ್ಕ ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ವಾರದ ಉಳಿದ ದಿನ ಆರಡಿ ಅಗಲದ ಆ ಗೂಡಿನೊಳಗೆ ಕೂತು ದಾರ, ಗುಂಡಿ, ಹುಕ್ಕು, ಜಿಪ್ಪು, ಲಾಡಿ ಮಾರುತ್ತಾಳೆ. ಬೆರಳಷ್ಟು ಚಿಂದಿ ತೋರಿಸಿದರೆ ಸಾಕು, ನೂರಾರು ಉಂಡೆಗಳ ನಡುವಿನಿಂದ ಅದೇ ಬಣ್ಣದ ದಾರವನ್ನು ಎಳೆದು ಕೊಡುತ್ತಾಳೆ. ಶನಿವಾರ ಮಾತ್ರ ಬಾಗಿಲಿಗೆ ಬೀಗ. ಅವತ್ತು ವಾಚನಾಲಯದ ಹಿಂದಿನ ಕೋಣೆಯಲ್ಲಿ, ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟ ಮೇಜಿನ ಮುಂದೆ ಕೂತು, ಮನುಷ್ಯರ ಗುರುತು ನೋಡುತ್ತಾಳೆ.

ಕೆಲಸ ಪುಕ್ಕಟೆ. ಆ ಬಡಾವಣೆಯ ಜನ ತಮ್ಮೊಳಗೇ ಕಟ್ಟಿಕೊಂಡ ನಂಬಿಕೆಯ ಜಾಲ ಅದು. ಫೋನಿನೊಳಗೆ ನಡೆಯುತ್ತದೆ, ಎಲ್ಲರೂ ಸುಮ್ಮನೆ ‘ಜಾಲ’ ಅನ್ನುತ್ತಾರೆ. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ. ಪರವೂರಿಗೆ ಹೋಗುವಾಗ ಮನೆ ಕೀಲಿ ಯಾರ ಕೈಗೆ ಕೊಡುವುದು, ಏಣಿ ಯಾರಿಂದ ಎರವಲು ತರುವುದು, ಹಾಸಿಗೆ ಹಿಡಿದವರ ಆರೈಕೆಗೆ ಯಾರನ್ನು ಕರೆಯುವುದು, ಎಲ್ಲ ಅದರಲ್ಲೇ. ಆದರೆ ಒಳಗೆ ಬರಬೇಕಾದರೆ ಮೂವರು ಗುರುತುಗಾರರು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು, ಎರಡು ದಾಖಲೆ ನೋಡಿ, ಮುಖ ನೋಡಿ, ‘ಇವರು ಇವರೇ’ ಎಂದು ಒಪ್ಪಬೇಕು. ಒಬ್ಬೊಬ್ಬರು ಮೂವತ್ತೈದು ಅಂಕದವರೆಗೆ ಕೊಡಬಹುದು. ಮೂವರದೂ ಸೇರಿ ತೊಂಬತ್ತು ಮುಟ್ಟಿದರೆ ಹೆಸರಿನ ಪಕ್ಕ ಹಸಿರು ಚುಕ್ಕೆ ಬೀಳುತ್ತದೆ.

ಅಂಕ ಎಂದರೆ ಜನಕ್ಕೆ ಶಾಲೆ ನೆನಪಾಗುತ್ತದೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬರುವವರು, ಇಸ್ತ್ರಿ ಅಂಗಿ ಹಾಕಿಕೊಂಡು ಬರುವವರು. ಒಬ್ಬ ಕಂಟ್ರಾಕ್ಟರು ತನಗೆ ಬಂದ ಪ್ರಶಸ್ತಿ ಫಲಕಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು ಮೇಜಿನ ಮೇಲೆ ಸುರಿದಿದ್ದ. ಪೇಂಟರನ ಹೆಂಡತಿ ಗಂಡನ ಹಿಂದೆಯೇ ನಿಂತು, ಇವರಿಗೆ ಐದು ಕಮ್ಮಿ ಮಾಡಿ ಅಕ್ಕ, ಕುಡೀತಾರೆ ಎಂದಿದ್ದಳು. ಎಲ್ಲರಿಗೂ ದಾರದಕ್ಕನ ಉತ್ತರ ಒಂದೇ.

“ನೀನು ನೀನೇನಾ ಅಂತ ನೋಡೋದು ನನ್ನ ಕೆಲಸ. ಒಳ್ಳೆಯವನೋ ಕೆಟ್ಟವನೋ ಅದು ನನಗೆ ಬೇಡ. ಕಳ್ಳನಾದ್ರೂ ಸರಿ, ಆ ಕಳ್ಳ ನೀನೇ ಆಗಿರಬೇಕು, ಅಷ್ಟೆ.”

ಈ ಮಾತನ್ನು ಅವಳು ಆರು ವರ್ಷದಲ್ಲಿ ಸಾವಿರ ಸಲ ಹೇಳಿರಬೇಕು. ತನ್ನ ಮಾತೇ ತನ್ನ ಕಾಲಿಗೆ ಹಗ್ಗವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಅವಳ ಕೋಣೆಯಲ್ಲಿ ಹೆಸರು ಕೂಗುವ ಪದ್ಧತಿ ಇಲ್ಲ. ಬಾಗಿಲ ಬಳಿ ಬುಟ್ಟಿಯಲ್ಲಿ ನೂಲು ಸುತ್ತುವ ಹಳೆಯ ಮರದ ಬಾಬಿನ್‌ಗಳಿವೆ, ಅವಳು ಹಿಂದೆ ದುಡಿದ ಮಿಲ್ಲಿನವು, ಒಂದೊಂದರ ಮೇಲೂ ಒಂದು ಅಂಕಿ. ಬಂದವರು ಸಾಲಾಗಿ ಒಂದೊಂದು ಎತ್ತಿಕೊಳ್ಳಬೇಕು. ಅಂಕಿ ಕೂಗಿದಾಗ ಕೈ ಎತ್ತಿದರೆ ಸಾಲದು, ‘ಇದ್ದೀನಿ’ ಅನ್ನಬೇಕು. ಅನ್ನದಿದ್ದರೆ ಮುಂದಿನವರನ್ನು ಕರೆಯುತ್ತಾಳೆ. ಜನ ಇದನ್ನು ಮುದುಕಿಯ ಹುಚ್ಚು ಅನ್ನುತ್ತಾರೆ. ಅವಳಿಗೆ ಅರವತ್ತೊಂದು, ಮುದುಕಿ ಎಂದರೆ ಸಿಟ್ಟಿಲ್ಲ, ಹುಚ್ಚು ಎಂದರೂ ಇಲ್ಲ.

ಹತ್ತೊಂಬತ್ತಕ್ಕೆ ಮಿಲ್ಲಿನ ವೈಂಡಿಂಗ್ ಖಾತೆ ಸೇರಿದವಳು ಅವಳು. ಸಣ್ಣ ಬಾಬಿನ್‌ನಿಂದ ದೊಡ್ಡ ಉಂಡೆಗೆ ನೂಲು ಸುತ್ತುವ ಯಂತ್ರದ ಮುಂದೆ ನಿಂತು, ಎಳೆ ಕಡಿದಲ್ಲೆಲ್ಲ ಗಂಟು ಹಾಕುವುದು ಕೆಲಸ. ಹದಿನೆಂಟು ವರ್ಷ ಗಂಟು ಹಾಕಿದಳು. ಪ್ರತಿ ಬೆಳಿಗ್ಗೆ ಹಾಜರಿ ಗುಮಾಸ್ತ ಸಾಲಿನ ತುದಿಯಲ್ಲಿ ನಿಂತು ಹಲಗೆಗೆ ಸಿಕ್ಕಿಸಿದ ಪುಸ್ತಕ ನೋಡಿಕೊಂಡು ನಂಬರು ಕೂಗುತ್ತಿದ್ದ. ಹೆಂಗಸರು ಅವನಿಗೆ ಹಾಜರಿಯಪ್ಪ ಎಂದು ಹೆಸರಿಟ್ಟಿದ್ದರು. ಇನ್ನೂ ಎರಡು ಹೆಸರಿದ್ದವು, ಅವು ಬರೆಯುವಂಥವಲ್ಲ. ನೂರಾ ಹದಿನೇಳು ಎಂದು ಅವನು ಕೂಗಬೇಕು, ಇದ್ದೀನಿ ಎಂದು ಅವಳು ಅನ್ನಬೇಕು. ಹದಿನೆಂಟು ವರ್ಷದಲ್ಲಿ ಅದೆಷ್ಟು ಸಾವಿರ ‘ಇದ್ದೀನಿ’ ಆಯಿತೋ.

ಹತ್ತಿಯ ದೂಳು ಹೊರಗೆಳೆಯುವ ಫ್ಯಾನು ಕೆಟ್ಟು ಎರಡು ವರ್ಷವಾದರೂ ಮಾಲೀಕ ರಿಪೇರಿ ಮಾಡಿಸಲಿಲ್ಲ. ಕೆಮ್ಮಿ ಕೆಮ್ಮಿ ಒಬ್ಬಳು ಸತ್ತಳು. ಮಾರನೆಯ ದಿನ ನಲವತ್ಮೂರು ಹೆಂಗಸರು ಯಂತ್ರ ನಿಲ್ಲಿಸಿ ಅಲ್ಲೇ ನೆಲದ ಮೇಲೆ ಕೂತರು. ಹನ್ನೊಂದು ದಿನ ಕೂತರು. ಹನ್ನೆರಡನೆಯ ದಿನ ಮಾಲೀಕ ಕಾರ್ಮಿಕ ಅಧಿಕಾರಿಗೆ ಒಂದು ಅರ್ಜಿ ಕೊಟ್ಟ: ಇವರು ಯಾರೂ ನಮ್ಮ ಕೆಲಸಗಾರರಲ್ಲ, ಹೊರಗಿನಿಂದ ನುಗ್ಗಿದ ಗುಂಪು. ಹಾಜರಿ ಪುಸ್ತಕಗಳು ಎಲ್ಲಿ ಎಂದರೆ ಗೆದ್ದಲು ತಿಂದವಂತೆ. ಹದಿನೆಂಟು ವರ್ಷದ ಪುಸ್ತಕಗಳನ್ನು ಒಂದೇ ವಾರದಲ್ಲಿ ತಿಂದ ಗೆದ್ದಲು ಎಂಥ ಹಸಿದ ಗೆದ್ದಲೋ. ಹೆಂಗಸರ ಕಡೆಯ ಸಾಕ್ಷಿಗಳನ್ನು ಬಲವಂತದ ಹೇಳಿಕೆ ಎಂದು ತಳ್ಳಿಹಾಕಿದ ಮೇಲೆ ಉಳಿದದ್ದು ಒಬ್ಬನೇ ಸಾಕ್ಷಿ.

ವಿಚಾರಣೆಯ ಕೋಣೆಯಲ್ಲಿ ಹಾಜರಿಯಪ್ಪ ಅವಳಿಂದ ಮೂರಡಿ ದೂರದಲ್ಲಿ ನಿಂತಿದ್ದ. ಅಧಿಕಾರಿ ಅವಳತ್ತ ಬೊಟ್ಟು ಮಾಡಿ ಕೇಳಿದ. ಹಾಜರಿಯಪ್ಪ ಅವಳ ಮುಖ ನೋಡಿದ, ಕಣ್ಣು ತಪ್ಪಿಸಲೂ ಇಲ್ಲ. “ಈ ಹೆಂಗಸನ್ನ ನಾನು ಹಿಂದೆ ನೋಡಿಲ್ಲ” ಎಂದ. ಆಮೇಲೆ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದ. ನಲವತ್ಮೂರು ಹೆಂಗಸರಿಗೂ ಅದೇ ವಾಕ್ಯ, ನಡುವೆ ನಾಲ್ಕು ಲೋಟ ನೀರು. ಇದಕ್ಕೆ ಅವನಿಗೆ ಸಿಕ್ಕಿದ್ದು ಕಚೇರಿಯೊಳಗೆ ಕಿಟಕಿ ಪಕ್ಕದ ಒಂದು ಕುರ್ಚಿ. ಅಷ್ಟೇ. ಅಷ್ಟಕ್ಕೇ ಹೇಳಿದ ಎನ್ನುವುದು ದಾರದಕ್ಕನಿಗೆ ಇವತ್ತಿಗೂ ಹಲ್ಲಿನ ಸಂದಿಯ ನಾರು.

ಎರಡು ವಾರದ ಮೇಲೆ ಅವಳ ಅಮ್ಮನನ್ನು ಮಿಲ್ಲಿನ ದವಾಖಾನೆಯವರು, ನಿಮ್ಮ ಮಗಳ ಹೆಸರೇ ಇಲ್ಲವಲ್ಲ ಎಂದು ಬೆಂಚಿನಿಂದ ಎಬ್ಬಿಸಿ ಕಳಿಸಿದರು. ಅಮ್ಮ ಮತ್ತೆ ಆ ಕಡೆ ಹೋಗಲಿಲ್ಲ. ನಾಲ್ಕು ತಿಂಗಳು ಹಾಸಿಗೆಯಲ್ಲೇ ಮಲಗಿ, ಆಮೇಲೆ ಯಾವ ಕಡೆಗೂ ಹೋಗದಂತೆ ಕಣ್ಣು ಮುಚ್ಚಿದಳು. ಬೇರೆ ಮಿಲ್ಲಿನವರು ಹಿಂದೆ ಎಲ್ಲಿ ಕೆಲಸ ಮಾಡಿದ್ದೆ ಎಂದು ಕೇಳಿದರೆ ಹೇಳಲು ಹೆಸರಿಲ್ಲ, ತೋರಿಸಲು ಚೀಟಿಯಿಲ್ಲ. ಬಾಡಿಗೆ ಮನೆಯವರೂ, ನಿನ್ನನ್ನ ಬಲ್ಲವರು ಯಾರಮ್ಮ ಅನ್ನುತ್ತಿದ್ದರು. ಮಿಲ್ಲು ಆಮೇಲೆ ಮುಚ್ಚಿತು, ಮಾಲೀಕ ಸತ್ತ, ಕಟ್ಟಡ ಗೋದಾಮಾಯಿತು. ದಾವೆ ಹಾಕಲು ಎದುರಿಗೆ ಯಾರೂ ಉಳಿಯಲಿಲ್ಲ.

ಜಾಲ ಶುರುಮಾಡಿದವರು ಬಂದು, ಗುರುತು ನೋಡಲು ಜನ ಬೇಕು, ವಾರಕ್ಕೆ ಅರ್ಧ ದಿನ, ದುಡ್ಡಿಲ್ಲ ಎಂದಾಗ ಮೊದಲು ಕೈ ಎತ್ತಿದವರು ಇದೇ ಹೆಂಗಸರು. ‘ನೀನು ಯಾರು’ ಎಂಬ ಪ್ರಶ್ನೆಯ ರುಚಿ ಉಂಡವರಿಗೆ ಮಾತ್ರ ಆ ಕೆಲಸದ ಬೆಲೆ ತಿಳಿಯುತ್ತದೆ. ಬಡಾವಣೆಯಲ್ಲಿ ನಾಲ್ವರು ಗುರುತುಗಾರರು: ದಾರದಕ್ಕ, ಅವಳ ಯಂತ್ರದ ಪಕ್ಕದಲ್ಲೇ ನಿಂತಿದ್ದ ಟೈಲರಕ್ಕ, ಅದೇ ಖಾತೆಯ ಸೋಡಾಬುಡ್ಡಿ ಕನ್ನಡಕದ ಇನ್ನೊಬ್ಬಳು, ಮತ್ತೆ ನಿವೃತ್ತ ಅಂಚೆಯವನು. ಅಂಚೆಯಣ್ಣನೇ ಎಲ್ಲರಿಗೂ ಮುಖ್ಯಸ್ಥ.

ಅವರ ಹಾಳೆಯ ಕೊನೆಯಲ್ಲಿ ಒಂದು ಅಂಕಣ ಇದೆ. ಬಂದವರೂ ಗುರುತುಗಾರರೂ ಒಬ್ಬರದನ್ನು ಇನ್ನೊಬ್ಬರು ನೋಡದೆ ಸ್ವಂತ ಕೈಯಲ್ಲಿ ತುಂಬಬೇಕು: ‘ನಿಮ್ಮಿಬ್ಬರಿಗೆ ಪರಿಚಯ ಎಷ್ಟು ಕಾಲದ್ದು, ಹೇಗೆ?’ ಎರಡೂ ಕಡೆಯ ಬರಹ ತಾಳೆಯಾಗದಿದ್ದರೆ ಹಾಳೆ ರದ್ದು. ಮತ್ತೆ ಹದಿನೈದು ದಿನ ಕಾಯಬೇಕು. ಸುಳ್ಳು ಪರಿಚಯ ಹೇಳಿಕೊಂಡು ಅಂಕ ಹಂಚುವವರನ್ನು ಹಿಡಿಯಲು ಮಾಡಿದ ನಿಯಮ ಅದು. ಇದ್ದ ಪರಿಚಯವನ್ನು ಇಲ್ಲ ಎನ್ನುವವನು ಬರುತ್ತಾನೆಂದು ಯಾರೂ ಯೋಚಿಸಿರಲಿಲ್ಲ.

ಅವನು ಒಂಬತ್ತನೆಯ ಬಾಬಿನ್ ಹಿಡಿದು ಬಂದ. ಬೆನ್ನು ಬಾಗಿತ್ತು, ಕೂದಲು ಉದುರಿತ್ತು, ಕೈಯಲ್ಲಿ ಔಷಧಿ ಅಂಗಡಿಯ ಕವರಿನಲ್ಲಿ ದಾಖಲೆ. ಬುಟ್ಟಿಯಿಂದ ಬಾಬಿನ್ ಎತ್ತುವಾಗ ಕೈ ಒಂದು ಕ್ಷಣ ತಡೆದದ್ದನ್ನು ಅವಳು ನೋಡಿದಳು. ಅಷ್ಟು ಸಾಕಾಗಿತ್ತು. ಮೊದಲ ಎಂಟು ಜನರದ್ದು ಮುಗಿಯುವ ತನಕ ಅವನತ್ತ ನೋಡಲಿಲ್ಲ. 

“ಒಂಬತ್ತು.”

ಅವನು ಕೈ ಎತ್ತಿದ. ಪಕ್ಕದಲ್ಲಿ ಕೂತವರು ಯಾರೋ, ಇದ್ದೀನಿ ಅನ್ಬೇಕು ಯಜಮಾನ್ರೇ ಎಂದು ಕಲಿಸಿಕೊಟ್ಟರು.

“ಇದ್ದೀನಿ,” ಎಂದ ಹಾಜರಿಯಪ್ಪ.

ದಾರದಕ್ಕ ಎರಡು ದಾಖಲೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಚಿತ್ರದ ಮುಖ ನೋಡಿದಳು, ಎದುರಿನ ಮುಖ ನೋಡಿದಳು. ಎಡಕಿವಿಯ ಹಾಲೆ ತುದಿಯಲ್ಲಿ ಸ್ವಲ್ಪ ಹರಿದಿತ್ತು. ಯಂತ್ರದ ಸದ್ದಿನಲ್ಲಿ ಕೇಳಿಸಲೆಂದು ಅವನು ಅದೇ ಕಿವಿಗೆ ಅಂಗೈ ಆನಿಸಿಕೊಂಡು ‘ಇದ್ದೀನಿ’ ಕೇಳಿಸಿಕೊಳ್ಳುತ್ತಿದ್ದ. ಅವಳು ಹಾಳೆ ಮುಂದೆ ತಳ್ಳಿದಳು. ಅವನು ಅಂಕಣ ಓದಿದ. ಅವಳ ಕಡೆ ನೋಡಿದ. ಆಮೇಲೆ ಹಾಜರಿ ಪುಸ್ತಕದ ಅದೇ ಉದ್ದುದ್ದ ಅಕ್ಷರದಲ್ಲಿ ಬರೆದ: ಇಂದೇ ಮೊದಲ ಭೇಟಿ. ಹಿಂದೆ ನೋಡಿಲ್ಲ.

ಒಬ್ಬರದನ್ನು ಇನ್ನೊಬ್ಬರು ನೋಡಬಾರದು ನಿಜ. ಆದರೆ ತಲೆಕೆಳಗಾದ ಬರಹವನ್ನು ಓದುವುದು ಅವಳು ಮಿಲ್ಲಿನಲ್ಲೇ ಕಲಿತ ವಿದ್ಯೆ. ಹಾಜರಿ ಪುಸ್ತಕವನ್ನು ಎಲ್ಲ ಹೆಂಗಸರೂ ಹಾಗೇ ಓದುತ್ತಿದ್ದರು. ಯಾರಾದರೂ ತಪ್ಪು ಬರೆಯುತ್ತಿದ್ದಾರೆ ಅನ್ನಿಸಿದರೆ, ನಿಜ ಬರೀರಿ, ಇಲ್ಲದಿದ್ರೆ ರದ್ದಾಗುತ್ತೆ ಎಂದು ಎಚ್ಚರಿಸುವುದು ಗುರುತುಗಾರರ ಕರ್ತವ್ಯ. ಎಲ್ಲರಿಗೂ ಎಚ್ಚರಿಸಿದ್ದಳು. ಇವನಿಗೆ ಎಚ್ಚರಿಸಲಿಲ್ಲ. ತನ್ನ ಅರ್ಧದಲ್ಲಿ ತನ್ನ ಗುಂಡುಗುಂಡು ಅಕ್ಷರದಲ್ಲಿ, ಹದಿನೆಂಟು ವರ್ಷ, ಒಂದೇ ಮಿಲ್ಲು ಎಂದು ಬರೆದು, ಎರಡೂ ಕಡೆಯ ಚಿತ್ರ ತೆಗೆದು ಫೋನಿನಲ್ಲಿ ಒತ್ತಿ ಕಳಿಸಿದಳು. ಹೋಗಿ ಬನ್ನಿ ಎಂದಳು. ಸಂಜೆಯೊಳಗೆ ಅವನಿಗೆ ಸುದ್ದಿ ಮುಟ್ಟಿತು: ಬರಹ ತಾಳೆಯಾಗಿಲ್ಲ, ಹಾಳೆ ರದ್ದು.

ಸೋಮವಾರ ಅಂಚೆಯಣ್ಣ ಅಂಗಡಿಗೆ ಬಂದು ಮುಂದಿನ ಸ್ಟೂಲಿನ ಮೇಲೆ ಕೂತ. ಬಿಳಿ ದಾರ ಒಂದು ಉಂಡೆ ಕೇಳಿದ. ಅವನ ಮನೆಯಲ್ಲಿ ಹೊಲಿಯುವವರು ಯಾರೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಉಂಡೆಯನ್ನು ಕೈಯಲ್ಲಿ ಉರುಳಿಸುತ್ತ, ಎಲ್ಲೆಲ್ಲೋ ಸುತ್ತಿ ಕೊನೆಗೆ ಮಾತಿಗೆ ಬಂದ. ಹಾಜರಿಯಪ್ಪ ಅವನಿಗೆ ಭಾವನಾಗಬೇಕಂತೆ, ಸ್ವಂತ ಅಕ್ಕನ ಗಂಡ. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ತಿಂಗಳಾಯಿತು. ಮಕ್ಕಳಿಲ್ಲ. ಮುದುಕನ ಕೈಯಲ್ಲಿ ಅವಳನ್ನು ಮಗ್ಗುಲು ಹೊರಳಿಸಲು ಆಗುವುದಿಲ್ಲ, ಬೆನ್ನು ಹುಣ್ಣಾಗುತ್ತಿದೆ. ಜಾಲದ ಆರೈಕೆಯವರು ಹಸಿರು ಚುಕ್ಕೆ ಇಲ್ಲದ ಮನೆಗೆ ಕಾಲಿಡುವುದಿಲ್ಲ. ನೆಂಟರ ಗುರುತನ್ನು ನೆಂಟರು ನೋಡುವ ಹಾಗಿಲ್ಲ, ಹಾಗಾಗಿ ತನ್ನ ಕೈ ಕಟ್ಟಿದೆ. ಉಳಿದದ್ದು ನೀವು ಮೂವರು.

“ಅಕ್ಕ, ಅವರು ತಪ್ಪು ಬರೀತಿದ್ದಾರೆ ಅಂತ ನಿಮಗೆ ಗೊತ್ತಿತ್ತು. ಹೇಳಬೇಕಿತ್ತು ತಾನೆ?”

“ಹೌದು, ಹೇಳಬೇಕಿತ್ತು.”

“ಮತ್ತೆ?”

“ಹೇಳಲಿಲ್ಲ.”

ಅಂಚೆಯಣ್ಣನಿಗೆ ಹಳೆಯ ಕಥೆ ಗೊತ್ತಿರಲಿಲ್ಲ. ಅಕ್ಕನ ಮನೆಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ. ದಾರದಕ್ಕ ಹೇಳಿದಳು. ನಾಲ್ಕು ಲೋಟ ನೀರಿನ ಲೆಕ್ಕವನ್ನೂ ಬಿಡಲಿಲ್ಲ. ಅವನು ಸ್ಟೂಲಿನ ಮೇಲೆ ಕುಗ್ಗಿ ಕೂತ. ಒಂದು ಸಾಲು ತಾನೆ ಅಕ್ಕ, ನಾನೇ ಹೇಳಿ ಬರೆಸ್ತೀನಿ ಎಂದ.

“ಅವತ್ತೂ ಒಂದೇ ಸಾಲು. ನೀವು ಬರೆಸಬೇಡಿ ಅಂಚೆಯಣ್ಣ. ಅವರಾಗೇ ಬರೀಬೇಕು.”

ಅವನು ದಾರದ ಉಂಡೆಯನ್ನು ಅಲ್ಲೇ ಮರೆತು ಹೋದ.

ಆ ಮಧ್ಯಾಹ್ನ ಅವಳು ಟೈಲರಕ್ಕನ ಮನೆ ಮೆಟ್ಟಿಲು ಹತ್ತಿದಳು. ಟೈಲರಕ್ಕ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಶಾಲೆ ಸಮವಸ್ತ್ರಕ್ಕೆ ಅಂಚು ಮಡಚುತ್ತಿದ್ದಳು. ಕಥೆ ಕೇಳಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಅವಳೂ ನಲವತ್ಮೂರರಲ್ಲಿ ಒಬ್ಬಳು. ಆದರೆ ಅವಳಿಗೆ ಹೊಟ್ಟೆಯೊಳಗಿನ ಕಿಚ್ಚಿನ ಜೊತೆ ಬೇರೆ ಏನೇನೋ ಇದ್ದವು, ಮೊಮ್ಮಕ್ಕಳು, ಮಂಡಿನೋವು.

“ಮಲಗಿರೋದು ಅವನ ಹೆಂಡ್ತಿ ಕಣೇ. ಅವಳೇನು ನಿನ್ನ ನೋಡಿಲ್ಲ ಅಂದಿದ್ಲಾ?”

“ನಮ್ಮಮ್ಮ ಏನು ಯಂತ್ರ ನಿಲ್ಲಿಸಿದ್ಲಾ?”

ಟೈಲರಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿದಳು. ದಾರದಕ್ಕ ಕಿಟಕಿಯಾಚೆ ನೋಡುತ್ತ ನಿಂತಳು. ಅಮ್ಮ ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಜರಿಯಪ್ಪನನ್ನು ಬೈದಿರಲಿಲ್ಲ, ಬೆನ್ನು ಉರಿ ಎಂದಷ್ಟೇ ನರಳುತ್ತಿದ್ದಳು. ಹಿಟ್ಟಿನ ಹಾಗೆ ಸಡಿಲವಾಗಿದ್ದ ಆ ಬೆನ್ನನ್ನು ದಾರದಕ್ಕನ ಅಂಗೈ ಇನ್ನೂ ಮರೆತಿರಲಿಲ್ಲ.

ಅವಳು ಚೀಲದಿಂದ ಫೋನು ತೆಗೆದಳು. ಜಾಲದ ಸದಸ್ಯರೊಬ್ಬರಿಗೆ ವರ್ಷಕ್ಕೆ ನಾಲ್ಕು ಆರೈಕೆ ಸರದಿ ಉಂಟು, ತಮಗೆ ಬೇಕಾದಾಗ ಬಳಸಬಹುದು, ಬೇರೆಯವರಿಗೂ ಬಿಟ್ಟುಕೊಡಬಹುದು. ಬಿಟ್ಟುಕೊಟ್ಟ ಸರದಿಗೆ ಆ ಮನೆಯ ಚುಕ್ಕೆ ಯಾರೂ ಕೇಳುವುದಿಲ್ಲ, ಕೊಟ್ಟವರ ಚುಕ್ಕೆಯೇ ಜಾಮೀನು. ಅಂಚೆಯಣ್ಣನ ನಾಲ್ಕು ಆ ವರ್ಷ ಆಗಲೇ ಮುಗಿದಿದ್ದವು, ಅವಳ ನಾಲ್ಕೂ ಹಾಗೇ ಇದ್ದವು. ಹಾಜರಿಯಪ್ಪನ ಮನೆ ವಿಳಾಸ ಒತ್ತಿ ನಾಲ್ಕನ್ನೂ ಹಾಕಿದಳು, ನಾಲ್ಕು ದಿನಕ್ಕೊಂದು. ಟೈಲರಕ್ಕ ಕತ್ತು ಚಾಚಿ ನೋಡಿ, ಕರಗಿಬಿಟ್ಟೆಯಲ್ಲೇ ಎಂದಳು.

“ಕರಗಿಲ್ಲ. ನಾಳೆ ಇವನು, ಹೆಂಡ್ತಿ ಬೆನ್ನು ಕೊಳೀತಿತ್ತು, ಅದಕ್ಕೇ ಬರೆದೆ ಅಂತ ಹೇಳಬಾರದು. ನಮ್ಮನ್ನ ಕೆಡವಿದ್ದೇ ಹಾಗೆ ಅಲ್ವಾ? ಬಲವಂತದ ಹೇಳಿಕೆ ಅಂತ ನಮ್ಮ ಸಾಕ್ಷಿಗಳನ್ನೆಲ್ಲ ಎತ್ತಿ ಎಸೆದ್ರು. ಹದಿನೈದು ದಿನ ಅವಳ ಬೆನ್ನು ಚೆನ್ನಾಗಿರಲಿ. ಆಮೇಲೆ ಇವನು ತಣ್ಣಗೆ ಕೂತು ಬರೀಲಿ. ಇಲ್ಲಾ, ತಣ್ಣಗೆ ಕೂತು ಮತ್ತೆ ಸುಳ್ಳು ಹೇಳಲಿ. ಆಗ ಅವನೆಂಥವನು ಅಂತ ಅವನಿಗೇ ಗೊತ್ತಾಗುತ್ತೆ.”

ಟೈಲರಕ್ಕ ಮತ್ತೆ ಸೂಜಿಗಳನ್ನು ಬಾಯಿಗೆ ಇಟ್ಟುಕೊಳ್ಳುವ ಮೊದಲು ಹೇಳಿದಳು: “ನೀನು ಹಾಲಿಗೆ ವಿಷ ಹಾಕೋಳಲ್ಲ ಕಣೇ. ಹಾಲನ್ನೇ ವಿಷ ಮಾಡಿ ಕುಡಿಸೋಳು.”

ಆರೈಕೆಯವಳು ಮಾತಿನ ಮಲ್ಲಿ. ಮೊದಲನೆಯ ದಿನವೇ, ಹೆಂಡತಿಯ ಬೆನ್ನು ತೊಳೆದು ಪುಡಿ ಹಾಕುತ್ತ, ಈ ಸರದಿ ಬಿಟ್ಟುಕೊಟ್ಟವರು ದಾರದಕ್ಕ ಎಂದು ಹಾಜರಿಯಪ್ಪನಿಗೆ ಹೇಳಿದಳಂತೆ. ಅವನು ಎದ್ದು ಅಡುಗೆಮನೆಗೆ ಹೋದನಂತೆ. ಎರಡನೆಯ ಸಲ ಹೋದಾಗ, ಯಾಕೆ ಕೊಟ್ಟರು ಎಂದು ಕೇಳಿದನಂತೆ. ಮೂರನೆಯ ಸಲ, ಅವರು ಏನಾದ್ರೂ ಹೇಳಿದ್ರಾ ಎಂದು ಕೇಳಿದನಂತೆ. ಇದನ್ನೆಲ್ಲ ಅವಳು ಹುಕ್ಕು ಕೊಳ್ಳಲು ಬಂದಾಗ ಅಂಗಡಿಯಲ್ಲಿ ನಿಂತು ಹೇಳಿದಳು. ದಾರದಕ್ಕ ಹುಕ್ಕುಗಳನ್ನು ಎಣಿಸುತ್ತಿದ್ದಳು. ಮುಖದಲ್ಲಿ ಏನೂ ಕಾಣಿಸಿಕೊಳ್ಳಲಿಲ್ಲ, ಆದರೆ ಅವತ್ತು ಮಧ್ಯಾಹ್ನ ಊಟ ಹೆಚ್ಚು ಸೇರಿತು. ಕೊಟ್ಟ ಉಪಕಾರ ಎದುರಾಳಿಯ ಗಂಟಲಿನಲ್ಲಿ ಮುಳ್ಳಾಗಿ ನಿಂತಿದೆ ಎನ್ನುವುದಕ್ಕಿಂತ ರುಚಿ ಉಪ್ಪಿನಕಾಯಿಗೂ ಇಲ್ಲ.

ಹದಿನಾಲ್ಕು ದಿನ ಕಳೆದ ಮೇಲಿನ ಶನಿವಾರ ಅವನು ಬರಲಿಲ್ಲ. ಒಂದು ದಿನ ಬಾಕಿ ಇತ್ತು, ನಿಯಮ ನಿಯಮವೇ. ಮುಂದಿನ ಶನಿವಾರ ಬಂದ. ಅಷ್ಟರೊಳಗೆ ನಾಲ್ಕು ಸರದಿಯೂ ಮುಗಿದಿದ್ದವು. ಅವಳು ಬೀಗ ತೆಗೆಯಲು ಬಂದಾಗ ವಾಚನಾಲಯದ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಬಾಗಿಲು ತೆರೆದು, ಕಿಟಕಿ ತೆರೆದು, ಮೇಜಿನ ಕಾಲಿಗೆ ರಟ್ಟು ಸರಿಮಾಡಿ, ಬುಟ್ಟಿಯನ್ನು ಬಾಗಿಲ ಬಳಿ ಇಟ್ಟಳು. ಇನ್ನಿಬ್ಬರು ಬಂದು ಗೋಡೆ ಪಕ್ಕ ಕೂತರು. ಆಮೇಲೆ ಕರೆದಳು.

“ಒಂದು.”

“ಇದ್ದೀನಿ.”

ಈ ಸಲ ಯಾರೂ ಕಲಿಸಿಕೊಡಬೇಕಾಗಲಿಲ್ಲ. ಅವನು ಕೂತು, ಎರಡು ದಾಖಲೆಯ ಜೊತೆ ಮೂರನೆಯ ಕಾಗದವೊಂದನ್ನು ಮುಂದಿಟ್ಟ. ಅಂಚು ಹಳದಿಗಟ್ಟಿದ, ಮಡಿಕೆಗಳಲ್ಲಿ ಸವೆದ ಕಾಗದ. ಮಿಲ್ಲಿನ ಮಾಲೀಕ ಅವನಿಗೆ ಕೊಟ್ಟ ಸನ್ನಡತೆಯ ಪತ್ರ. ಮೂವತ್ತೊಂದು ವರ್ಷ ಹಾಜರಿ ವಿಭಾಗದಲ್ಲಿ ಪ್ರಾಮಾಣಿಕವಾಗಿ ದುಡಿದವರು, ಸತ್ಯವಂತರು ಎಂದು ಕೆಳಗೆ ಮೊಹರು.

ಅಂಕ ನಡತೆಗೆ ಕೊಡುತ್ತಾರೆ ಎಂದು ಅವನೂ ಎಲ್ಲರ ಹಾಗೇ ತಿಳಿದುಕೊಂಡಿದ್ದ. ಪಾಪಿಗಳೂ ಇಸ್ತ್ರಿ ಅಂಗಿ ಹಾಕಿಕೊಂಡೇ ಬರುತ್ತಾರೆ. ದಾರದಕ್ಕನಿಗೆ ನಗು ಬಂತು, ಒಳ್ಳೆಯ ನಗುವಲ್ಲ. ಕಾಗದವನ್ನು ಪೂರ್ತಿ ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟಳು. ನೀವು ಒಳ್ಳೆಯವರು ಅಂತ ನನಗೆ ಬೇಕಾಗಿಲ್ಲ, ನೀವು ನೀವೇ ಅಂದರೆ ಸಾಕು ಎಂದಳು. ಹಾಳೆ ತಳ್ಳಿದಳು. ಅವತ್ತು ಹೇಳದೆ ಉಳಿಸಿಕೊಂಡ ಎಚ್ಚರಿಕೆಯನ್ನು ಇವತ್ತು ಹೇಳಿದಳು: ಕೊನೇ ಅಂಕಣದಲ್ಲಿ ನಿಜ ಬರೀರಿ, ಇಲ್ಲದಿದ್ರೆ ರದ್ದಾಗುತ್ತೆ.

ಅವನು ಬರೆದ: ಹಿಂದೆ ಅಲ್ಪಸ್ವಲ್ಪ ಪರಿಚಯ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

“ಎಷ್ಟು ಕಾಲ ಅಂತ ಕೇಳಿದೆ ಅಲ್ಲಿ. ಹೇಗೆ ಅಂತಾನೂ ಕೇಳಿದೆ.”

ಅವನು ಪೆನ್ನು ಕೆಳಗಿಟ್ಟ. ಗೋಡೆ ಪಕ್ಕ ಕೂತು ಫೋನು ನೋಡುತ್ತಿದ್ದವರು ತಲೆ ಎತ್ತಿದರು. ಅವನು ದನಿ ತಗ್ಗಿಸಿ, ಆಗಿನ ಕಾಲದ ಬಗ್ಗೆ ಏನೇನೋ ಹೇಳತೊಡಗಿದ. ತಾನು ದಿನಕ್ಕೆ ನಾನೂರು ನಂಬರು ಕೂಗುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಮೇಲಿನವರು ಹೇಳಿಕೆಯನ್ನು ಬರೆದೇ ಕೊಟ್ಟಿದ್ದರು, ತಾನು ಓದಿದೆನಷ್ಟೆ. ತಾನು ಹೇಳದಿದ್ದರೆ ಇನ್ನೊಬ್ಬ ಹೇಳುತ್ತಿದ್ದ. ಈ ವಯಸ್ಸಿನಲ್ಲಿ ಅದನ್ನೆಲ್ಲ ಕೆದಕಿ ಏನು ಬಂತು. ಅವಳು ನಡುವೆ ಬಾಯಿ ಹಾಕಲಿಲ್ಲ. ಅವನ ಮಾತು ಮುಗಿದಾಗ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಬೆರಳತುದಿಯಿಂದ ಅವನ ಕಡೆ ಸರಿಸಿದಳು. ಅವನು ಲೋಟ ನೋಡಿದ. ಮುಟ್ಟಲಿಲ್ಲ.

“ನೀವು ಸೇಡು ತೀರಿಸ್ಕೊಳ್ತಿದ್ದೀರಿ.”

“ಹೌದು. ಮತ್ತೇನು ಅಂದ್ಕೊಂಡ್ರಿ?”

ಅವನು ಆ ಉತ್ತರ ನಿರೀಕ್ಷಿಸಿರಲಿಲ್ಲ. ಅಲ್ಲ ಎಂದಿದ್ದರೆ ವಾದಿಸಬಹುದಿತ್ತು.

“ನನ್ನ ಹೆಂಡ್ತಿಗೆ ಇದೆಲ್ಲ ಗೊತ್ತಿರಲಿಲ್ಲ,” ಎಂದ. “ಆ ಆರೈಕೆಯವಳು ಹೋದ ಮೇಲೆ ಕೇಳಿದ್ಲು, ಯಾರು ಆ ದಾರದಕ್ಕ, ನಮಗೇನಾಗಬೇಕು ಅಂತ. ಅವಳಿಗೆ ಮಾತು ಸರಿಯಾಗಿ ಹೊರಡಲ್ಲ. ಆದ್ರೂ ದಿನಾ ಕೇಳ್ತಾಳೆ.”

“ಏನು ಹೇಳಿದ್ರಿ?”

“ಗೊತ್ತಿಲ್ಲ ಅಂದೆ.”

“ಗೊತ್ತಿಲ್ಲ ಅಂದದ್ದು ಇದು ಮೂರನೇ ಸಲ,” ಎಂದಳು ದಾರದಕ್ಕ. “ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದ್ರೂ ಹೊರಳುತ್ತೆ. ಅದಕ್ಕೇ ನಾನು ಬಾಯಲ್ಲಿ ಕೇಳ್ತಿಲ್ಲ. ಬರೀರಿ.”

ಹಾಳೆ ತೆಗೆದು ಹೊಸದೊಂದನ್ನು ಇಟ್ಟಳು.  ಅವನು ಪೆನ್ನನ್ನು ಎರಡು ಸಲ ಎತ್ತಿ ಕೆಳಗಿಟ್ಟ. ಆಮೇಲೆ ಬರೆಯಲು ಶುರುಮಾಡಿದವನು ನಿಲ್ಲಿಸಲಿಲ್ಲ. ಅಕ್ಷರ ಅದೇ, ಉದ್ದುದ್ದ, ಗೆರೆ ಬಿಟ್ಟು ಆಚೀಚೆ ಹೋಗದ್ದು. ಅವಳು ತಲೆಕೆಳಗಾಗಿ ಓದುತ್ತ ಹೋದಳು. ಹದಿನೆಂಟು ವರ್ಷ ಬಲ್ಲೆ. ನಾನು ಹಾಜರಿ ಬರೆಯುತ್ತಿದ್ದ ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ ಕೆಲಸ ಮಾಡುತ್ತಿದ್ದರು. ಎಡಗಡೆ ಸಾಲು, ಒಡೆದ ಕಿಟಕಿಯಿಂದ ಎರಡನೆಯ ಯಂತ್ರ. ಒಂದು ದಿನವೂ ತಡವಾಗಿ ಬಂದವರಲ್ಲ. ನಂಬರು

ಅಲ್ಲಿ ಪೆನ್ನು ನಿಂತಿತು. ಅವಳು ಹೇಳಿಕೊಡಲಿಲ್ಲ. ಹೇಳಿಕೊಡಬಾರದು.

“ನೂರಾ ಹದಿನೇಳು,” ಎಂದು ಅವನು ಬರೆಯುತ್ತ ತುಟಿಯಲ್ಲೇ ಅಂದುಕೊಂಡ.

“ಇದ್ದೀನಿ,” ಎಂದಿತು ದಾರದಕ್ಕನ ಬಾಯಿ.

ಅವಳು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ನಾಲ್ಕು ವರ್ಷದ ಮೇಲೂ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತ್ತು. ಅವನು ತಲೆ ಎತ್ತಿದ. ಅವಳಿಗೆ ತನ್ನ ಬಾಯಿಗೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ಅದಕ್ಕಿಂತ ದೊಡ್ಡ ಸಿಟ್ಟು ಅವನ ಮೇಲೆ. ಒಡೆದ ಕಿಟಕಿ, ಎರಡನೆಯ ಯಂತ್ರ, ಒಂದು ದಿನವೂ ತಡವಿಲ್ಲ, ಎಲ್ಲ ನೆನಪಿತ್ತು ಈ ಮನುಷ್ಯನಿಗೆ. ನಿಜವಾಗಿ ಮರೆತಿದ್ದರೆ, ನಂಬರಿನ ಹಿಂದಿನ ಮುಖ ನಿಜವಾಗಿ ಕಂಡಿರದಿದ್ದರೆ, ಅರ್ಧದಷ್ಟಾದರೂ ಬಿಟ್ಟುಬಿಡಬಹುದಿತ್ತು. ಈ ಒಂದು ಸಾಲು ಸಿಕ್ಕರೆ ಎದೆ ಹಗುರಾಗುತ್ತದೆ ಎಂದು ಅಷ್ಟು ವರ್ಷ ನಂಬಿದ್ದಳು. ಹಗುರಾಗಲಿಲ್ಲ. ಬಾಣಲೆಯ ತಳ ಕೆರೆದರೆ ಹೊತ್ತಿದ್ದು ಎಷ್ಟೆಂದು ಕಾಣುವ ಹಾಗೆ, ಕಳೆದುಕೊಂಡದ್ದು ಎಷ್ಟೆಂದು ಕಂಡಿತು, ಅಷ್ಟೆ.

ಆದರೂ ಹಾಳೆ ಅವಳ ಕೈಯಲ್ಲಿತ್ತು. ಅದೂ ನಿಜ. ಅವನು ಸಹಿ ಮಾಡಿದ. ಅವಳು ತನ್ನ ಅರ್ಧ ತುಂಬಿದಳು. ಅಂಕದ ಜಾಗದಲ್ಲಿ ಮೂವತ್ತೈದು ಎಂದು ಬರೆದಳು.

ಅವನು ಅಂಕಿಯನ್ನು ಎರಡು ಸಲ ನೋಡಿದ. “ಪೂರ್ತಿ ಕೊಟ್ರಾ?”

“ನೀವು ನೀವೇ ಅನ್ನೋದ್ರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ.”

ಅವನು ಹಾಳೆಯ ಕಡೆ ಬೊಟ್ಟು ಮಾಡಿ, ಇದನ್ನು ಯಾರಿಗೆ ತೋರಿಸುತ್ತೀರಿ ಎಂದು ಕೇಳಿದ. ಯಾರಿಗೂ ಇಲ್ಲ ಎಂದಳು ಅವಳು. ಏಳು ವರ್ಷ ಬೀಗ ಹಾಕಿ ಇಡುವುದು, ಆಮೇಲೆ ಸುಡುವುದು ನಿಯಮ. ಅವನ ಭುಜ ಇಳಿಯಿತು. ಅದನ್ನು ನೋಡಿ ಅವಳು ಸೇರಿಸಿದಳು, ಆದರೆ ಏಳು ವರ್ಷ ದಿನಾ ಬೀಗ ತೆಗೆದು ನಾನು ಓದಬಾರದು ಅಂತ ನಿಯಮದಲ್ಲೆಲ್ಲೂ ಇಲ್ಲ.

ಅವನು ಎದ್ದು ಬಾಬಿನ್ನನ್ನು ಬುಟ್ಟಿಗೆ ಹಾಕಿದ. ಸನ್ನಡತೆಯ ಪತ್ರವನ್ನು ಔಷಧಿ ಕವರಿಗೆ ತುರುಕಿದ. ಬಾಗಿಲ ತನಕ ಹೋದವನನ್ನು ಅವಳು ನಿಲ್ಲಿಸಿದಳು.

“ಇನ್ನೂ ಇಬ್ಬರ ಹತ್ತಿರ ಹೋಗಬೇಕಲ್ಲ. ಟೈಲರಕ್ಕನ ಮನೆ ಗೊತ್ತಾ?”

“ಕೇಳ್ಕೊಂಡು ಹೋಗ್ತೀನಿ.”

“ಮನೆ ಯಾರು ಬೇಕಾದ್ರೂ ತೋರಿಸ್ತಾರೆ. ನಂಬರು ಗೊತ್ತಾ?”

ಅವನು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಹೊಸ್ತಿಲು ನೋಡುತ್ತಿದ್ದ.

“ತೊಂಬತ್ನಾಲ್ಕು,” ಎಂದ.

“ನೆಲಕ್ಕಲ್ಲ. ಅವಳ ಮುಖ ನೋಡಿ ಹೇಳಿ. ಅವಳು ಅಲ್ಲಿ ಹನ್ನೊಂದು ವರ್ಷ ದುಡಿದಿದ್ಲು. ಆಮೇಲೆ ಕನ್ನಡಕದವಳ ಹತ್ತಿರ ಹೋಗಿ, ಅವಳದು ಇಪ್ಪತ್ತು ವರ್ಷ. ಅದಾದ್ಮೇಲೆ ಮನೆಗೆ ಹೋಗಿ ಹೆಂಡ್ತಿಗೆ ಹೇಳಿ, ನಾನು ನಿಮಗೆ ಏನಾಗಬೇಕು ಅಂತ. ಕಾಯ್ತಿದ್ದಾಳಲ್ಲ.”

ಅವನು ಹೋದ. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ನಿಧಾನಕ್ಕೆ ಇಳಿಯಿತು. ದಾರದಕ್ಕ ಹಾಳೆಯನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಒತ್ತಿದಳು, ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದಳು. ಅವನು ಮುಟ್ಟದೆ ಬಿಟ್ಟ ಲೋಟ ಎತ್ತಿ ನೀರನ್ನು ಗಟಗಟ ಕುಡಿದು ಮುಗಿಸಿದಳು.

“ಎರಡು,” ಎಂದಳು.

ಗೋಡೆ ಪಕ್ಕ ಕೂತಿದ್ದವಳು ಗಡಬಡಿಸಿ ಎದ್ದಳು.

“ಇದ್ದೀನಿ ಅಕ್ಕ, ಇದ್ದೀನಿ.”

“ಒಂದು ಸಲ ಹೇಳಿದ್ರೆ ಸಾಕು,” ಎಂದು ದಾರದಕ್ಕ ದಾಖಲೆಗೆ ಕೈ ಚಾಚಿದಳು.